ಬಳ್ಳಿಗಾವೆಯ ದಾಸೋಜನ ರುಜು

ನಮ್ಮ ಕಡೆ ಹಳೆಯ ಗುಡಿಯೊಂದನ್ನು ತೋರಿಸಿ, ಇದನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ಗುಡಿ ಒರಟಾಗಿದ್ದರೆ ಪಾಂಡವರು, ನಾಜೂಕಾಗಿದ್ದರೆ ಜಕಣಾಚಾರಿ. ಮೊದಲನೆಯದನ್ನು ಹೇಳುವವರೂ ಕೇಳುವವರೂ ಅಷ್ಟಾಗಿ ನಂಬುವುದಿಲ್ಲ. ವನವಾಸದ ಕಾಲದಲ್ಲಿ ಪಾಂಡವರಿಗೆ ಬೇರೆ ಕೆಲಸವೂ ಇತ್ತು ಎಂಬುದು ಎಲ್ಲರಿಗೂ ಗೊತ್ತು. ಎರಡನೆಯದನ್ನು ಮಾತ್ರ ಓದಿದವರೂ ಓದದವರೂ ಒಂದೇ ಸಮನೆ ನಂಬುತ್ತಾರೆ.

ಅಂಜನಾಪುರದಲ್ಲಿರುವ ನನ್ನಂಥವರಿಗೆ ಈ ಪ್ರಶ್ನೆ ಎದುರಾಗುವುದು ಮಳೆಗಾಲದಲ್ಲಿ. ಕುಮುದ್ವತಿಗೆ ಅಡ್ಡ ಕಟ್ಟಿದ ನಮ್ಮೂರ ಜಲಾಶಯ ತುಂಬಿ ಕೋಡಿ ಬಿದ್ದಿತೆಂದು ಸುದ್ದಿ ಹಬ್ಬಿದರೆ ನೆಂಟರಿಷ್ಟರು ನೀರು ನೋಡಲು ಬರುತ್ತಾರೆ. ನೀರನ್ನು ಎಷ್ಟು ಹೊತ್ತು ನೋಡಲಾದೀತು? ಹೇಗೂ ಬಂದಿದ್ದೀರಲ್ಲ ಎಂದು ಅವರನ್ನು ಶಿಕಾರಿಪುರ ದಾಟಿಸಿ, ಶಿರಾಳಕೊಪ್ಪದ ಮಗ್ಗುಲಿನ ಬಳ್ಳಿಗಾವೆಗೆ ಕರೆದೊಯ್ಯುವುದು ನನ್ನ ರೂಢಿ. ಅಲ್ಲಿಯೂ ಒಂದು ಕೆರೆಯಿದೆ. ಕೆರೆಯ ಕೋಡಿಯ ಬಳಿ ಇದ್ದುದರಿಂದಲೇ ಅಲ್ಲಿನ ಪ್ರಸಿದ್ಧ ಕಾಳಾಮುಖ ಮಠಕ್ಕೆ ಕೋಡಿಯ ಮಠವೆಂದು ಹೆಸರಾಯಿತು. ಕೇದಾರೇಶ್ವರದ ಮೂರು ಗರ್ಭಗುಡಿಗಳನ್ನು ಸುತ್ತಿ, ತ್ರಿಪುರಾಂತಕೇಶ್ವರದ ಬಾಗಿಲ ಜಾಲಂಧ್ರಗಳ ಮುಂದೆ ನಿಂತಾಗ ಬಂದವರಲ್ಲಿ ಯಾರಾದರೊಬ್ಬರು ಕೇಳುತ್ತಾರೆ: ಇದೂ ಜಕಣಾಚಾರಿಯದೇ ಇರಬೇಕು, ಅಲ್ಲವೆ?

ಈ ಮಾತನ್ನು ಒಪ್ಪಿಕೊಂಡು ಸುಮ್ಮನಾಗುವುದು ಸುಲಭ. ನಾನು ಸುಮ್ಮನಾಗುವುದಿಲ್ಲ. ಏಕೆಂದರೆ ನಾವು ನಿಂತಿರುವ ಈ ಊರಿನಿಂದಲೇ ಹೊರಟ ಒಬ್ಬ ಶಿಲ್ಪಿ ತನ್ನ ಹೆಸರನ್ನೂ, ತನ್ನ ಊರಿನ ಹೆಸರನ್ನೂ, ತಾನು ಮಾಡಿದ ವಿಗ್ರಹದ ಪೀಠದಲ್ಲೇ ಕೊರೆದು ಹೋಗಿದ್ದಾನೆ. ಅವನ ಮಗನೂ ಹಾಗೆಯೇ ಮಾಡಿದ್ದಾನೆ. ಕಲ್ಲು, ಕೈ, ಹೆಸರು ಮೂರೂ ಒಂದೇ ಕಡೆ ಸಿಗುವುದು ಶಿಲ್ಪದ ಚರಿತ್ರೆಯಲ್ಲಿ ಅಪರೂಪ. ಎಷ್ಟು ಅಪರೂಪ ಎಂಬುದನ್ನು ತಿಳಿಯಬೇಕಾದರೆ ಶಿಲ್ಪಿಗಳನ್ನು ಹೆಸರು ಹಿಡಿದು ಕರೆಯುವ ಅಭ್ಯಾಸವನ್ನು ಜಗತ್ತಿಗೆ ಕಲಿಸಿದ ಗ್ರೀಸಿನ ಕಡೆಗೆ ಒಮ್ಮೆ ನೋಡಬೇಕು.

ಪ್ರಾಕ್ಸಿಟೆಲಿಸ್ ಎಂಬ ಶಿಲ್ಪಿ ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಅಥೆನ್ಸಿನಲ್ಲಿದ್ದ. ಕೆಫಿಸೊಡೋಟಸ್ ಎಂಬ ಶಿಲ್ಪಿ ಇವನ ತಂದೆಯಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಇವನ ಇಬ್ಬರು ಮಕ್ಕಳೂ ಶಿಲ್ಪಿಗಳಾದರು. ಅಂದರೆ ನಮ್ಮ ಓಜರ ಮನೆಯ ಹಾಗೆಯೇ ವಿದ್ಯೆ ವಂಶದಲ್ಲಿ ಇಳಿದು ಬಂದದ್ದು. ಇವನ ಬಗ್ಗೆ ಕಥೆಗಳಿಗೇನೂ ಬರವಿಲ್ಲ. ಇವನು ಪ್ರೇಮದೇವತೆ ಅಫ್ರೋದಿತೆಯ ಎರಡು ವಿಗ್ರಹ ಮಾಡಿದನಂತೆ, ಒಂದು ಉಡುಗೆಯುಟ್ಟದ್ದು, ಇನ್ನೊಂದು ನಗ್ನ. ಕಾಸ್ ದ್ವೀಪದವರು ಮರ್ಯಾದೆಗೆ ಅಂಜಿ ಮೊದಲನೆಯದನ್ನು ಕೊಂಡರು. ಕ್ನಿಡಸ್ ಊರಿನವರು ಎರಡನೆಯದನ್ನು ಕೊಂಡು ಲೋಕಪ್ರಸಿದ್ಧರಾದರು. ಇದನ್ನು ಹೇಳಿದವನು ರೋಮಿನ ಪ್ಲಿನಿ. ಇನ್ನೊಂದು ಕಥೆ ಪಾಸೇನಿಯಸ್ ಎಂಬ ಪ್ರವಾಸಿ ಬರೆದದ್ದು. ಪ್ರಾಕ್ಸಿಟೆಲಿಸನ ಗೆಳತಿ ಫ್ರೈನಿಗೆ ಅವನ ಕೃತಿಗಳಲ್ಲಿ ಅತ್ಯುತ್ತಮವಾದದ್ದು ಬೇಕಿತ್ತು. ಯಾವುದು ಎಂದು ಅವನು ಬಾಯಿಬಿಡಲಿಲ್ಲ. ಕೆಲಸದ ಮನೆಗೆ ಬೆಂಕಿ ಬಿದ್ದಿದೆ ಎಂದು ಅವಳು ಸುಳ್ಳು ಸುದ್ದಿ ಹುಟ್ಟಿಸಿದಳು. ಅವನು ಗಾಬರಿಯಾಗಿ ತನ್ನ ಸಾಟಿರನ ವಿಗ್ರಹ, ಮನ್ಮಥನ ವಿಗ್ರಹ ಉಳಿದವೇ ಎಂದು ಕೇಳಿದ. ಅವಳು ನಕ್ಕು ಮನ್ಮಥನನ್ನು ಆರಿಸಿಕೊಂಡಳು.

ಇಷ್ಟು ಸೊಗಸಾದ ಜೀವನಚರಿತ್ರೆಯ ಶಿಲ್ಪಿಯ ಕೃತಿಯನ್ನು ನೋಡೋಣವೆಂದು ಹೊರಟರೆ ಕೈಗೆ ಸಿಗುವುದು ಬಹಳ ಕಡಿಮೆ. ಕ್ನಿಡಸ್ಸಿನ ಮೂಲ ಅಫ್ರೋದಿತೆ ಉಳಿದಿಲ್ಲ. ರೋಮನ್ನರ ಕಾಲದ ನಕಲುಗಳಿವೆ. ಒಲಿಂಪಿಯಾದ ಹೀರಾ ದೇವಾಲಯದಲ್ಲಿ ಪ್ರಾಕ್ಸಿಟೆಲಿಸನ ಹರ್ಮೀಸ್ ಇದೆಯೆಂದು ಪಾಸೇನಿಯಸ್ ಬರೆದಿದ್ದ. ೧೮೭೭ರಲ್ಲಿ ಜರ್ಮನ್ ಉತ್ಖನನಕಾರರಿಗೆ ಅದೇ ಜಾಗದಲ್ಲಿ ಅಂಥದೇ ಮೂರ್ತಿ ಸಿಕ್ಕಿತು. ಆದರೆ ಅದು ಅವನ ಕೈಯದೇ, ನಂತರದವರದೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಅವನ ಹೆಸರು ಕೊರೆದ ಕೆಲವು ಪೀಠಗಳೂ ಸಿಕ್ಕಿವೆ. ಪೀಠದಲ್ಲಿ ಅವನು ಮಾಡಿದ್ದು ಎಂಬ ಬರಹವಿದೆ, ಮೇಲೆ ನಿಂತಿದ್ದ ಮೂರ್ತಿ ಇಲ್ಲ. ಕಥೆಯಿದೆ, ಹೆಸರಿದೆ, ಕಾಲೂರಿದ ಜಾಗವೂ ಇದೆ. ದೇವತೆ ಮಾತ್ರ ಎದ್ದು ಹೋಗಿದ್ದಾಳೆ.

ಹೀಗಿದ್ದರೂ ಪಾಶ್ಚಾತ್ಯ ವಿದ್ವಾಂಸರು ಇದ್ದ ಚೂರುಪಾರುಗಳಿಂದಲೇ ಪ್ರಾಕ್ಸಿಟೆಲಿಸನ ಶೈಲಿ ಎಂಬುದೊಂದನ್ನು ಕಟ್ಟಿ ನಿಲ್ಲಿಸಿದರು. ಒಂದು ಕಾಲಿನ ಮೇಲೆ ಭಾರ ಹಾಕಿ, ಸೊಂಟವನ್ನು ಹೊರಕ್ಕೆ ಬಾಗಿಸಿ, ಮರದ ಬೊಡ್ಡೆಗೋ ಕಂಬಕ್ಕೋ ಒರಗಿ ನಿಂತ ಆ ಭಂಗಿಯನ್ನು ಅವನ ಹೆಸರಿನಿಂದಲೇ ಕರೆದರು. ಅವರ ಈ ಶ್ರದ್ಧೆಯನ್ನು ನಾನು ಮೆಚ್ಚುತ್ತೇನೆ. ಅದರ ಎದುರಿಗೆ ನಮ್ಮ ಸ್ಥಿತಿಯನ್ನು ಇಟ್ಟು ನೋಡಿದರೆ ನಾಚಿಕೆಯೂ ಆಗುತ್ತದೆ.

ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು ಕ್ರಿ.ಶ. ೧೧೧೭ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಅದರ ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರನ್ನು ಕಾಣದ ಕನ್ನಡಿಗನಿಲ್ಲ. ಬೇಲೂರಿಗೆ ಹೋಗದವನೂ ಕ್ಯಾಲೆಂಡರಿನಲ್ಲಿ ಕಂಡಿರುತ್ತಾನೆ. ಹೊರಗೆ ಮೂವತ್ತೆಂಟು, ಒಳಗೆ ನವರಂಗದಲ್ಲಿ ನಾಲ್ಕು ಎಂದು ಲೆಕ್ಕ. ಇವುಗಳಲ್ಲಿ ಹಲವುಗಳ ಪೀಠದಲ್ಲಿ ಮಾಡಿದವರ ಹೆಸರುಗಳಿವೆ. ಆ ಹೆಸರುಗಳಲ್ಲಿ ಒಂದು, ಬಳ್ಳಿಗ್ರಾಮದ ದಾಸೋಜನದು. ಇನ್ನೊಂದು, ದಾಸೋಜನ ಮಗ ಚಾವಣನದು. ಅಪ್ಪನ ಪಾಲಿಗೆ ನಾಲ್ಕು ಮದನಿಕೆಯರು, ಮಗನ ಪಾಲಿಗೆ ಐದು ಎಂದು ರುಜುಗಳನ್ನು ಎಣಿಸಿದವರು ಹೇಳಿದ್ದಾರೆ. ಬಳ್ಳಿಗ್ರಾಮವೆಂದರೆ ನಮ್ಮ ಬಳ್ಳಿಗಾವೆಯೇ.

ದಾಸೋಜನ ಜೀವನಚರಿತ್ರೆ ಎಂದು ಬರೆಯಹೊರಟರೆ ಸಾಮಗ್ರಿ ಇಷ್ಟೇ. ಗೆಳತಿಯ ಕಥೆಯಿಲ್ಲ, ಬೆಂಕಿಯ ಕಥೆಯಿಲ್ಲ. ಆದರೆ ಈ ನಾಲ್ಕಾರು ಅಕ್ಷರಗಳನ್ನು ನಿಧಾನವಾಗಿ ಓದಿದರೆ ಅವು ಕಥೆಗಿಂತ ಹೆಚ್ಚು ಹೇಳುತ್ತವೆ ಎಂಬುದು ನನ್ನ ಅನುಭವ. ಮೊದಲು ಆ ‘ಓಜ’ ಎಂಬುದನ್ನು ನೋಡಿ. ಉಪಾಧ್ಯಾಯ ಎಂಬ ಶಬ್ದ ಸವೆದು ಸವೆದು ಓಜನಾಗಿದೆ. ಹಳ್ಳಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವನೂ ಓಜ, ಕಲ್ಲು ಕೆತ್ತುವವನೂ ಓಜ. ಇಂಥ ಶಿಲ್ಪಿಗಳನ್ನು ಶಾಸನಗಳು ರೂವಾರಿ ಎನ್ನುತ್ತವೆ, ಅಂದರೆ ರೂಪ ಮಾಡುವವನು. ನಾವು ಈಗ ಯಾವುದೋ ಯೋಜನೆಯ ರೂವಾರಿ ಎಂದು ಮಂತ್ರಿಗಳನ್ನು ಕರೆಯುತ್ತೇವೆ. ಅದು ಉಳಿ ಹಿಡಿದವನ ಹೆಸರಾಗಿತ್ತು ಎಂಬುದನ್ನು ಮರೆತೇ ಬಿಟ್ಟಿದ್ದೇವೆ.

ಆಮೇಲೆ ಊರಿನ ಹೆಸರು. ಸ್ವಂತ ಊರಿನಲ್ಲಿ ಕೆಲಸ ಮಾಡುವವನು ಊರಿನ ಹೆಸರು ಹೇಳಬೇಕಾಗಿಲ್ಲ. ಪರಸ್ಥಳಕ್ಕೆ ಬಂದವನಿಗೆ ಮಾತ್ರ ಅದು ಬೇಕಾಗುತ್ತದೆ. ದಾಸೋಜ ಕೆಲಸ ಹುಡುಕಿಕೊಂಡೋ, ಕರೆಸಿಕೊಂಡೋ ಹೊಯ್ಸಳರ ರಾಜಧಾನಿಗೆ ಹೋದವನು. ಆಗ ಕಲ್ಯಾಣದಲ್ಲಿ ಆಳುತ್ತಿದ್ದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ಹೊಯ್ಸಳರು ಅವನ ಅಧೀನರು. ೧೧೧೬ರಲ್ಲಿ ತಲಕಾಡನ್ನು ಚೋಳರಿಂದ ಗೆದ್ದುಕೊಂಡ ವಿಷ್ಣುವರ್ಧನನಿಗೆ ತನ್ನ ಏಳಿಗೆಯನ್ನು ಲೋಕಕ್ಕೆ ತೋರುವ ಒಂದು ಗುಡಿ ಬೇಕಾಗಿತ್ತು. ಅಂಥದನ್ನು ಕಟ್ಟಬಲ್ಲ ಕೈಗಳು ಇದ್ದದ್ದು ಚಾಲುಕ್ಯರ ಊರುಗಳಲ್ಲಿ. ಬೇಲೂರಿನ ರುಜುಗಳಲ್ಲಿ ಗದಗು, ಲಕ್ಕುಂಡಿಯ ಕಡೆಯವರೂ ಇದ್ದಾರೆ. ಒಡೆಯನನ್ನು ಮೀರಬೇಕೆಂಬ ಸಾಮಂತ ಒಡೆಯನ ಸೀಮೆಯ ಕುಶಲಕರ್ಮಿಗಳಿಂದಲೇ ಕೆಲಸ ಮಾಡಿಸಿಕೊಂಡ. ರಾಜಕೀಯದ ಈ ವಿನೋದವನ್ನು ದೊಡ್ಡ ದೊಡ್ಡ ಪ್ರಶಸ್ತಿ ಶಾಸನಗಳು ಬಾಯಿಬಿಟ್ಟು ಹೇಳುವುದಿಲ್ಲ. ಪೀಠದ ಮೇಲಿನ ಒಂದು ಊರಿನ ಹೆಸರು ಹೇಳುತ್ತದೆ.

ಮೂರನೆಯದಾಗಿ ಬಿರುದುಗಳು. ಬೇಲೂರಿನ ಶಿಲ್ಪಿಗಳು ಬರೀ ಹೆಸರು ಬರೆದು ತೃಪ್ತರಾದವರಲ್ಲ. ಎದುರಾಳಿ ರೂವಾರಿಗಳ ಪಾಲಿಗೆ ತಾವು ಹುಲಿ, ಸಿಡಿಲು ಎಂಬ ಧಾಟಿಯ ಬಿರುದುಗಳನ್ನು ಹೆಸರಿನ ಮುಂದೆ ಹಾಕಿಕೊಂಡರು. ಯುದ್ಧಕ್ಕೆ ಹೊರಟ ಸಾಮಂತರ ಭಾಷೆಯನ್ನೇ ಇವರು ಉಳಿ ಸುತ್ತಿಗೆಗೆ ಒಗ್ಗಿಸಿಕೊಂಡಿದ್ದಾರೆ. ಭಾರತೀಯ ಕಲಾವಿದ ಅಹಂಕಾರವನ್ನು ಅಳಿಸಿಕೊಂಡವನು, ಅನಾಮಿಕನಾಗಿ ದೇವರಿಗೆ ದುಡಿದವನು ಎಂಬ ಮಾತನ್ನು ನಾವು ಸಭೆಗಳಲ್ಲಿ ಎಷ್ಟು ಸಲ ಕೇಳಿಲ್ಲ! ಅದು ನಿಜವಾದ ಜಾಗಗಳು ಇರಬಹುದು. ಬೇಲೂರಿನ ಸೂರಿನ ಕೆಳಗಂತೂ ಅದು ನಿಜವಲ್ಲ. ಅಲ್ಲಿ ಪೈಪೋಟಿಯಿದೆ, ಬಡಾಯಿಯಿದೆ, ಇದು ನಾನು ಮಾಡಿದ್ದು ಎಂಬ ಹಕ್ಕಿದೆ.

ಇದೆಲ್ಲ ನಾನು ಕಂಡುಹಿಡಿದದ್ದಲ್ಲ. ಬಿ. ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನೂ, ನಮ್ಮ ಶಿಕಾರಿಪುರ ತಾಲೂಕಿನ ಶಾಸನಗಳನ್ನೂ ೧೯೦೨ರಲ್ಲೇ ಅಚ್ಚು ಹಾಕಿಸಿದ. ಆರ್. ನರಸಿಂಹಾಚಾರ್ಯರು ಬೇಲೂರಿನ ದೇವಾಲಯದ ಮೇಲೆ ೧೯೧೯ರಲ್ಲಿ ಬರೆದ ಪುಸ್ತಕದಲ್ಲಿ ಶಿಲ್ಪಿಗಳ ಹೆಸರುಗಳನ್ನು ಒಂದೊಂದಾಗಿ ಕೊಟ್ಟರು. ಷ. ಶೆಟ್ಟರ್ ೧೯೯೨ರಲ್ಲಿ ಹೊಯ್ಸಳ ದೇವಾಲಯಗಳ ಮೇಲೆ ಹೊರತಂದ ದೊಡ್ಡ ಗ್ರಂಥದಲ್ಲಿ ಈ ರುಜುಗಳನ್ನೆಲ್ಲ ಒಟ್ಟುಗೂಡಿಸಿ, ಯಾರು ಎಲ್ಲಿ ಕೆಲಸ ಮಾಡಿದರು ಎಂಬುದನ್ನು ವಿವರವಾಗಿ ವಿವೇಚಿಸಿದರು. ಅಂದರೆ ದಾಸೋಜನ ಹೆಸರು ಅಚ್ಚಿನಲ್ಲಿ ಬಂದು ನೂರು ವರ್ಷದ ಮೇಲಾಯಿತು. ಆದರೂ ಅವನ ಊರಿನಲ್ಲಿ ನಿಂತವರ ಬಾಯಿಗೆ ಬರುವುದು ಇನ್ನೊಬ್ಬನ ಹೆಸರು.

ಹೆಸರಾಯಿತು, ಶೈಲಿಯ ಮಾತೇನು? ಅದಕ್ಕೆ ಬಳ್ಳಿಗಾವೆಯಿಂದಲೇ ಹೊರಡಬೇಕು. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಅದು ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಐವರಿಗೂ ಅಲ್ಲಿ ಮಠಗಳಿದ್ದವು. ೧೧೬೨ರ ಶಾಸನವೊಂದು ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿದ್ದುದನ್ನೂ, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿದ್ದುದನ್ನೂ ಹೇಳುತ್ತದೆ. ಅಲ್ಲಮಪ್ರಭು ಹುಟ್ಟಿದ ಊರೆಂದು ಪರಂಪರೆ ಹೇಳುವುದೂ ಇದನ್ನೇ. ೧೦೪೭ರಲ್ಲಿ ಚಾವುಂಡರಾಯನೆಂಬ ಅಧಿಕಾರಿ ನಿಲ್ಲಿಸಿದ ಗಂಡಭೇರುಂಡದ ಕಂಬ ಇವತ್ತಿಗೂ ಅಲ್ಲಿ ನಿಂತಿದೆ. ಇಷ್ಟು ಕಟ್ಟಡಗಳು ಏಳುವ ಊರಿನಲ್ಲಿ ಕಲ್ಲು ಕೆಲಸದವರ ಕೇರಿಗೆ ಕೆಲಸದ ಬರ ಇರಲಾರದು. ದಾಸೋಜ ಕಣ್ಣು ಬಿಟ್ಟದ್ದು, ಕೈ ಪಳಗಿಸಿದ್ದು ಇಂಥ ಸದ್ದಿನ ನಡುವೆ ಎಂದು ಊಹಿಸುವುದು ತಪ್ಪಾಗಲಾರದು.

ತ್ರಿಪುರಾಂತಕೇಶ್ವರದ ಬುಡದಲ್ಲಿ ಸಾಲಾಗಿ ಸಣ್ಣ ಸಣ್ಣ ಚಿತ್ರಗಳಿವೆ. ಪಂಚತಂತ್ರದ ಕಥೆಗಳು, ಹೇಳಲು ಸಂಕೋಚವಾಗುವ ಮಿಥುನಗಳು, ಊರಿನ ನಿತ್ಯದ ತಮಾಷೆಗಳು. ಬಗ್ಗಿ ನೋಡಬೇಕು, ಇಲ್ಲದಿದ್ದರೆ ಕಾಣುವುದಿಲ್ಲ. ಬಾಗಿಲ ಪಕ್ಕದ ಜಾಲಂಧ್ರಗಳಲ್ಲಿ ಕಲ್ಲನ್ನು ಬಟ್ಟೆಯ ಹಾಗೆ ತೂತು ತೂತಾಗಿ ಬಿಡಿಸಿ, ಬೆಳಕು ಅದರೊಳಗಿಂದ ಹಾಯುವಂತೆ ಮಾಡಿದ್ದಾರೆ. ಇದೆಲ್ಲ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದ ಹೊಸತರಲ್ಲಿ ಮೆದುವಾಗಿದ್ದು, ಗಾಳಿ ತಾಗುತ್ತ ತಾಗುತ್ತ ಗಡುಸಾಗುವ ಈ ಕಲ್ಲು ಸಣ್ಣ ಉಳಿಗೆ ಮಣಿಯುತ್ತದೆ. ಕಣಶಿಲೆಯಲ್ಲಿ ಕೆತ್ತುವವನು ಕಲ್ಲಿನ ಸ್ವಭಾವದಿಂದಾಗಿ ದೊಡ್ಡ ಮೈಗಳಲ್ಲಿ ಯೋಚಿಸುತ್ತಾನೆ. ಬಳಪದ ಕಲ್ಲಿನವನು ಎಳೆಗಳಲ್ಲಿ ಯೋಚಿಸುತ್ತಾನೆ.

ಈ ಗುಡಿಗಳಲ್ಲಿ ಇದು ದಾಸೋಜ ಮಾಡಿದ್ದು ಎಂದು ಬೆರಳಿಟ್ಟು ತೋರಿಸುವುದು ನನ್ನ ಉದ್ದೇಶವಲ್ಲ; ಇವು ಅವನಿಗಿಂತ ಒಂದು ತಲೆಮಾರು ಹಿಂದಿನವು. ಆದರೆ ಬಳ್ಳಿಗಾವೆಯನ್ನು ನೋಡಿದ ಕಣ್ಣಿನಿಂದ ಬೇಲೂರಿನ ಮದನಿಕೆಯರನ್ನು ನೋಡಿದರೆ ಎರಡು ಸಂಗತಿಗಳು ತಟ್ಟನೆ ಹೊಳೆಯುತ್ತವೆ. ಮದನಿಕೆಯ ತಲೆಯ ಮೇಲೆ ಹಬ್ಬಿದ ಬಳ್ಳಿಯ ಚಪ್ಪರ ಆ ಜಾಲಂಧ್ರದ ಮಗಳು. ಅದೇ ತೂತು, ಅದೇ ಹಾಯುವ ಬೆಳಕು. ಮದನಿಕೆಯ ಕಾಲ ಬಳಿ ಮದ್ದಳೆ ಬಾರಿಸುವ, ತಾಳ ಹಾಕುವ ಸಣ್ಣ ಆಕೃತಿಗಳು, ಸೆರಗು ಎಳೆಯುವ ಕೋತಿ, ಹಣ್ಣಿನ ಮೇಲೆ ಕುಳಿತ ನೊಣ ಮತ್ತು ಅದನ್ನು ಹಿಡಿಯಲು ಬಂದ ಹಲ್ಲಿ, ಇವೆಲ್ಲ ಬುಡದ ಪಟ್ಟಿಕೆಯ ಆ ತಮಾಷೆಯ ಲೋಕದಿಂದ ಮೇಲೆ ಹತ್ತಿ ಬಂದ ಹಾಗೆ ಕಾಣುತ್ತವೆ. ಸೂರಿಗೆ ಓರೆಯಾಗಿ ಹೆಣ್ಣನ್ನು ನಿಲ್ಲಿಸುವ ಪದ್ಧತಿ ಕೂಡ ಬೇಲೂರಿನಲ್ಲೇ ಹುಟ್ಟಿದ್ದಲ್ಲ. ತುಂಗಭದ್ರೆಯ ದಂಡೆಯ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯಲ್ಲಿ ಅದರ ಸೊಗಸಾದ ಪೂರ್ವರೂಪಗಳಿವೆ. ಹೀಗೆ ನಮ್ಮ ಸೀಮೆಯಲ್ಲಿ ಚೆಲ್ಲಿಹೋಗಿದ್ದ ಮೂರು ಬಗೆಯ ಜಾಣತನಗಳು ಬೇಲೂರಿನಲ್ಲಿ ಒಂದೇ ಹಲಗೆಯ ಮೇಲೆ ಕೂಡಿಕೊಂಡವು.

ಭಂಗಿಯನ್ನು ನೋಡಿದರೆ ಪ್ರಾಕ್ಸಿಟೆಲಿಸನ ನೆನಪು ಬಾರದಿರುವುದಿಲ್ಲ. ಅಲ್ಲಿಯಂತೆ ಇಲ್ಲಿಯೂ ಭಾರ ಒಂದು ಕಾಲಿನ ಮೇಲೆ, ಸೊಂಟ ಒಂದು ಕಡೆಗೆ, ಹೆಗಲು ಇನ್ನೊಂದು ಕಡೆಗೆ. ಒಬ್ಬರಿಂದ ಒಬ್ಬರು ಕಲಿತರೆಂದು ಹೇಳುವ ಹುಚ್ಚು ನನಗಿಲ್ಲ. ತ್ರಿಭಂಗ ನಮ್ಮಲ್ಲಿ ಬಹಳ ಹಳೆಯದು. ವ್ಯತ್ಯಾಸವೇ ಹೆಚ್ಚು ಕಲಿಸುತ್ತದೆ. ಗ್ರೀಕನ ಮೂರ್ತಿ ಬಯಲಿನಲ್ಲಿ ಒಂಟಿಯಾಗಿ ನಿಲ್ಲುತ್ತದೆ, ಬೀಳದಿರಲು ಅದಕ್ಕೊಂದು ಮರದ ಬೊಡ್ಡೆ ಬೇಕು. ಮದನಿಕೆ ಕಟ್ಟಡದ ಕೂಸು. ಗೋಡೆಗೂ ಸೂರಿಗೂ ನಡುವೆ ವಾಲಿದ ಹಲಗೆಗಲ್ಲು ಅವಳ ತೊಟ್ಟಿಲು. ಅವಳನ್ನು ನೋಡುವವನು ಕೆಳಗಿದ್ದಾನೆ ಎಂಬ ಅರಿವಿನಿಂದಲೇ ಅವಳ ಮೈ ಮುಂದಕ್ಕೆ ಬಾಗಿದೆ. ವಸ್ತುಸಂಗ್ರಹಾಲಯದಲ್ಲಿ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿದರೆ ಅವಳ ಅರ್ಧ ಚೆಲುವು ಹೋಗುತ್ತದೆ.

ಹಾಗೆಂದು ಎಲ್ಲವನ್ನೂ ಹೊಗಳಿ ಕೈಮುಗಿಯುವುದು ವಿಮರ್ಶೆಯಲ್ಲ. ಮದನಿಕೆಯರ ಮುಖಗಳು ನನ್ನ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಕನ್ನಡಿ ನೋಡುವವಳು, ಗಿಳಿಯೊಡನೆ ಮಾತಾಡುವವಳು, ಬಿಲ್ಲು ಹಿಡಿದವಳು, ಯಾರ ಮುಖದಲ್ಲೂ ಅವಳೊಬ್ಬಳಿಗೇ ಸೇರಿದ ಸುಖ ದುಃಖ ಇಲ್ಲ. ಹೇಳಬೇಕಾದ್ದನ್ನು ಮಣಿಕಟ್ಟು, ಸೊಂಟ, ಹಿಮ್ಮಡಿ ಹೇಳುತ್ತವೆ. ಒಡವೆಗಳಂತೂ ಕೆಲವು ಕಡೆ ಮೈಯನ್ನೇ ನುಂಗುತ್ತವೆ. ಮಾರ್ಗದರ್ಶಿಗಳು ಅತ್ತಿತ್ತ ಸರಿಯುವ ಕಲ್ಲಿನ ಬಳೆಯನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುವುದುಂಟು. ಅದು ಕೈಚಳಕ, ಮೆಚ್ಚಬೇಕಾದ್ದೇ. ಆದರೆ ಕೈಚಳಕವೇ ಕಲೆಯ ಕೊನೆಯ ಅಳತೆಯೆಂದು ನಂಬಿದಲ್ಲಿ ಮುಂದಿನ ಹೊಯ್ಸಳ ಗುಡಿಗಳ ಅಲಂಕಾರದ ಗೊಂಡಾರಣ್ಯಕ್ಕೆ ದಾರಿಯಾಯಿತು. ಬೇಲೂರಿನ ಉತ್ತಮ ಮದನಿಕೆಯರಲ್ಲಿ ಈ ಅತಿ ಇನ್ನೂ ಗೆದ್ದಿಲ್ಲ. ಬಳ್ಳಿಯ ಕೆಳಗೆ ಒಂದು ಮೈ ಇದೆ, ಮೈಗೆ ತೂಕವಿದೆ, ಆ ತೂಕ ನೆಲ ಮುಟ್ಟುತ್ತದೆ. ಚಾಲುಕ್ಯ ಸೀಮೆಯ ಶಿಲ್ಪಿಗಳು ಬೇಲೂರಿಗೆ ಒಯ್ದ ಬುತ್ತಿಯಲ್ಲಿ ಬೆಲೆಬಾಳುವುದು ಈ ತೂಕವೇ ಎಂದು ನನಗೆ ತೋರುತ್ತದೆ.

ಈಗ ಜಕಣಾಚಾರಿಯ ವಿಷಯ. ಕಥೆ ಎಲ್ಲರಿಗೂ ಗೊತ್ತು. ತುಮಕೂರಿನ ಹತ್ತಿರದ ಕ್ರೀಡಾಪುರದ ಶಿಲ್ಪಿ ಹೆಂಡತಿಯನ್ನು ಬಿಟ್ಟು ದೇಶಾಂತರ ಹೋಗುತ್ತಾನೆ. ಕಾಣದೆ ಹುಟ್ಟಿದ ಮಗ ಡಂಕಣ ಬೆಳೆದು ತಂದೆಯನ್ನು ಹುಡುಕುತ್ತ ಬೇಲೂರಿಗೆ ಬಂದು, ತಂದೆಯೆಂದು ತಿಳಿಯದೆಯೇ ಅವನ ವಿಗ್ರಹದಲ್ಲಿ ದೋಷವಿದೆ ಎನ್ನುತ್ತಾನೆ. ಗಂಧ ಲೇಪಿಸಿದಾಗ ಮೈಯೆಲ್ಲ ಒಣಗಿ ಹೊಕ್ಕುಳು ಮಾತ್ರ ಹಸಿಯಾಗಿ ಉಳಿಯುತ್ತದೆ, ಕೆದಕಿದರೆ ಕಪ್ಪೆ. ಆಡಿದ ಮಾತಿನಂತೆ ಜಕಣಾಚಾರಿ ಬಲಗೈಯನ್ನು ಕತ್ತರಿಸಿಕೊಳ್ಳುತ್ತಾನೆ. ಊರಿಗೆ ಮರಳಿ ಕೇಶವನ ಗುಡಿ ಕಟ್ಟಿದಾಗ ಕೈ ಬಂದು, ಊರು ಕೈದಾಳವಾಗುತ್ತದೆ. ೧೯೬೪ರಲ್ಲಿ ಬಿ. ಎಸ್. ರಂಗಾ ಅವರು ಇದನ್ನು ಸಿನಿಮಾ ಮಾಡಿದರು. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ ಅದು. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೂ ಅದೇ ಹೆಸರು.

ಕಥೆಯಾಗಿ ಇದು ಬಹಳ ದೊಡ್ಡದು. ತಪ್ಪು ಹುಡುಕುವ ಮಗ, ಸೋಲನ್ನು ಒಪ್ಪಿ ಕೈ ಕೊಡುವ ತಂದೆ, ಕಲ್ಲಿನೊಳಗೆ ಜೀವಂತ ಕಪ್ಪೆ: ಇದನ್ನು ಕಟ್ಟಿದ ಜನಪದ ಪ್ರತಿಭೆಗೆ ನನ್ನ ನಮಸ್ಕಾರ. ನನ್ನ ತಕರಾರು ಕಥೆಯ ಮೇಲಲ್ಲ, ಕಥೆಯನ್ನು ಶಾಸನದ ಜಾಗದಲ್ಲಿ ಕೂರಿಸುವುದರ ಮೇಲೆ. ಬೇಲೂರಿನ ರುಜುಗಳಲ್ಲಿ ಜಕಣಾಚಾರಿ ಇಲ್ಲ. ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಮಾಡಿಸಿದವಳು ಶಾಂತಲೆ. ಮಹಾರಾಷ್ಟ್ರದಲ್ಲಿ ಹಳೆಯ ಕಲ್ಲಿನ ಗುಡಿಗಳನ್ನೆಲ್ಲ ಯಾದವರ ಮಂತ್ರಿ ಹೇಮಾದ್ರಿಯ ಹೆಸರಿಗೆ ಕಟ್ಟಿ ಹೇಮಾಡಪಂತಿ ಎನ್ನುವ ಹಾಗೆ, ನಮ್ಮಲ್ಲಿ ಧಾರವಾಡದಿಂದ ಮೈಸೂರಿನವರೆಗಿನ ಗುಡಿಗಳೆಲ್ಲ ಜಕಣಾಚಾರಿಯ ಹೆಸರಿಗೆ ಖಾತೆಯಾದವು. ಮುನ್ನೂರು ವರ್ಷದ ಕೆಲಸವನ್ನು ಒಬ್ಬ ಮನುಷ್ಯ ಮಾಡಿದನೆಂದರೆ ಅದು ಅವನಿಗೆ ಗೌರವ ಕೊಟ್ಟಂತೆ ಕಾಣುತ್ತದೆ. ಕೆಲಸ ಮಾಡಿದ ನೂರಾರು ಜನಕ್ಕೆ ಅದರಿಂದ ಆಗುವುದು ಅನ್ಯಾಯ.

ನನಗೆ ಬಹಳ ಮುಖ್ಯವಾಗಿ ತೋರುವುದು ಇನ್ನೊಂದಿದೆ. ಕಥೆಯಲ್ಲೂ ತಂದೆ ಮಗ ಇದ್ದಾರೆ, ಕಲ್ಲಿನಲ್ಲೂ ಇದ್ದಾರೆ. ಕಥೆಯ ಮಗ ತಂದೆಯನ್ನು ಸೋಲಿಸಿ ಹೆಸರಾಗುತ್ತಾನೆ. ಕಲ್ಲಿನ ಮಗ ತಂದೆಯ ಹೆಸರನ್ನು ತನ್ನ ಹೆಸರಿನ ಹಿಂದೆ ಇಟ್ಟುಕೊಂಡು, ಒಂದೇ ಗುಡಿಯ ಒಂದೇ ಸೂರಿನ ಕೆಳಗೆ ಅವನಿಗಿಂತ ಒಂದು ಹೆಚ್ಚೇ ಮೂರ್ತಿ ಮಾಡುತ್ತಾನೆ. ಹಾಗೆಂದು ಅವರ ನಡುವೆ ಪೈಪೋಟಿಯೇ ಇರಲಿಲ್ಲವೆಂದು ನಾನು ಹೇಳಲಾರೆ. ಬಿರುದುಗಳ ಆ ಕಾಲದಲ್ಲಿ ಇದ್ದಿರಲೂಬಹುದು. ಆದರೆ ಒಬ್ಬನ ಹೆಸರು ಉಳಿಯಲು ಇನ್ನೊಬ್ಬನ ಕೈ ಕತ್ತರಿಸಬೇಕಾಗಿರಲಿಲ್ಲ. ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ದಾಟುವುದು ಹೆಚ್ಚಾಗಿ ಹೀಗೆಯೇ, ಜಗಳದಲ್ಲಿ ಕಡಿಮೆ, ಒಟ್ಟಿಗೆ ಕೂತು ಉಳಿ ಮಸೆಯುವುದರಲ್ಲಿ ಜಾಸ್ತಿ. ಕಥೆಗೆ ಇದು ಸಪ್ಪೆ. ಬದುಕಿಗೆ ಇದೇ ಆಧಾರ.

ರುಜು ಹಾಕುವ ಪದ್ಧತಿಯೂ ಒಂದೇ ಬಗೆಯದಾಗಿ ಉಳಿಯಲಿಲ್ಲ. ದಾಸೋಜನ ನಂತರದ ಶತಮಾನದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ೧೧೯೬ರ ಅಮೃತಾಪುರದಿಂದ ೧೨೫೮ರ ಸೋಮನಾಥಪುರದವರೆಗೆ ಅರವತ್ತು ವರ್ಷಕ್ಕೂ ಮಿಕ್ಕಿ ಗುಡಿಯಿಂದ ಗುಡಿಗೆ ಕೆಲಸ ಮಾಡಿದ. ಅವನು ಅನೇಕ ಕಡೆ ಬರೀ ಮಲ್ಲಿ ಎಂದೋ, ಇನ್ನೂ ಚಿಕ್ಕದಾಗಿ ಮ ಎಂದೋ ಬರೆದಿದ್ದಾನೆ. ಬೇಲೂರಿನ ಬಿರುದುಗಳ ಅಟ್ಟಹಾಸವಿಲ್ಲ. ಇಷ್ಟು ಮೂರ್ತಿ ನನ್ನವು, ಲೆಕ್ಕ ಹಿಡಿಯಿರಿ ಎಂಬ ಗುರುತಿನಂತೆ ಕಾಣುತ್ತದೆ. ಹೆಮ್ಮೆಯ ರುಜು, ಕೂಲಿಯ ರುಜು ಎರಡನ್ನೂ ನಮ್ಮ ಕಲ್ಲುಗಳು ಉಳಿಸಿಕೊಂಡಿವೆ. ಶಿಲ್ಪಿಯ ಬದುಕು ಎಂದರೆ ಈ ಎರಡರ ನಡುವಿನ ಓಡಾಟವೇ ಅಲ್ಲವೆ?

ದಾಸೋಜನನ್ನು ಎತ್ತಿ ಆಡಿದರೆ ಇದು ತಾಲೂಕಿನ ಅಭಿಮಾನ ಎಂದು ಯಾರಾದರೂ ನಗಬಹುದು. ಜಕಣಾಚಾರಿಯನ್ನು ಇಳಿಸಿ ಆ ಪೀಠದಲ್ಲಿ ಶಿಕಾರಿಪುರದವನೊಬ್ಬನನ್ನು ಕೂರಿಸಿದರೆ ಕೆಲಸ ಕೆಡುತ್ತದೆ, ಒಪ್ಪುತ್ತೇನೆ. ಬೇಲೂರು ದಾಸೋಜ ಒಬ್ಬನದಲ್ಲ. ಮಲ್ಲೋಜ, ಚಿಕ್ಕಹಂಪ, ನಾಗೋಜ, ಮಲ್ಲಿಯಣ್ಣ ಎಲ್ಲರದೂ ಹೌದು. ಆದರೆ ಬಹುವಚನವನ್ನು ಕಲಿಯಬೇಕಾದರೆ ಎಲ್ಲಿಂದಲೋ ಒಂದು ಏಕವಚನದಿಂದ ಶುರು ಮಾಡಬೇಕು. ಹತ್ತಿರದವನಿಂದ ಶುರು ಮಾಡುವುದು ಸಹಜ. ಹತ್ತಿರದಲ್ಲಿ ಇನ್ನೂ ಹಳಬನೊಬ್ಬನಿದ್ದಾನೆ. ಬಳ್ಳಿಗಾವೆಯ ನೆರೆಯ ತಾಳಗುಂದದ ಕಂಬದ ಮೇಲೆ, ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದ ಕವಿ ಕುಬ್ಜ ತಾನು ರಚಿಸಿದ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದುದಾಗಿ ಹೇಳಿಕೊಂಡಿದ್ದಾನೆ. ಒಂದು ಹರದಾರಿ ಸುತ್ತಿನಲ್ಲಿ, ಆರುನೂರು ವರ್ಷಗಳ ಅಂತರದಲ್ಲಿ, ಕೈಗೆ ಹೆಸರಿದೆ ಎಂದು ನಂಬಿದ ಇಬ್ಬರು ಬಾಳಿ ಹೋದರು.

ಆ ನಂಬಿಕೆಯನ್ನು ನಾವು ಉಳಿಸಿಕೊಂಡ ಹಾಗೆ ಕಾಣುವುದಿಲ್ಲ. ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆ ಲೋಕಪ್ರಸಿದ್ಧ. ಅವರ ಪೆಟ್ಟಿಗೆಯ ಮೇಲಿನ ಬಳ್ಳಿ ಮೊಗ್ಗುಗಳನ್ನು ನೋಡಿದಾಗ ಬೇಲೂರಿನ ಬಳ್ಳಿಯ ಚಪ್ಪರ ಕಣ್ಣಿಗೆ ಕಟ್ಟುತ್ತದೆ. ಅಂಥ ಪೆಟ್ಟಿಗೆಗಳು ಸನ್ಮಾನಗಳಲ್ಲಿ ಕೈಯಿಂದ ಕೈಗೆ ಹೋಗುತ್ತವೆ. ಕೊಟ್ಟವರ ಹೆಸರು, ಪಡೆದವರ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಕೆತ್ತಿದವನ ಹೆಸರು ನಾನು ನೋಡಿದ ಯಾವ ಪೆಟ್ಟಿಗೆಯ ತಳದಲ್ಲೂ ಇರಲಿಲ್ಲ. ಒಂಬೈನೂರು ವರ್ಷದ ಹಿಂದೆ ರಾಜನ ಗುಡಿಯಲ್ಲಿ, ದೇವರ ಸೂರಿನ ಕೆಳಗೆ, ಕಲ್ಲು ಕೆಲಸದವನಿಗೆ ಇದ್ದ ಹಕ್ಕು ಇವತ್ತಿನ ಮರದ ಕೆಲಸದವನಿಗೆ ಇಲ್ಲ ಎಂದಾಯಿತು. ಹಳೆಯ ಶಿಲ್ಪಿಗಳೆಲ್ಲ ಹೆಸರಿಲ್ಲದವರು, ಇಲ್ಲವೇ ಜಕಣಾಚಾರಿ ಎಂದು ನಾವು ಹೇಳುತ್ತ ಬಂದದ್ದಕ್ಕೂ, ನಮ್ಮ ನಡುವಿನವರ ಹೆಸರು ಕೇಳದೆ ಇರುವುದಕ್ಕೂ ಸಂಬಂಧವಿದೆ ಎಂದೇ ನನ್ನ ಗುಮಾನಿ. ಹೆಸರಿಲ್ಲದಿರುವುದು ಕಲಾವಿದನ ಧರ್ಮ ಎಂದುಕೊಂಡರೆ ಕೊಳ್ಳುವವನಿಗೆ ಬಹಳ ಅನುಕೂಲ.

೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷದ ಸಂಗತಿ. ಬಳ್ಳಿಗಾವೆ ಆ ಪಟ್ಟಿಯಲ್ಲಿಲ್ಲ, ಇರಬೇಕೆಂದು ಹಠವೂ ನನಗಿಲ್ಲ. ನನ್ನ ಆಸೆ ಚಿಕ್ಕದು. ಬಳ್ಳಿಗಾವೆಗೆ ಬಂದವರಿಗೆ, ಬೇಲೂರಿನ ಮದನಿಕೆಯರನ್ನು ಮಾಡಿದವರಲ್ಲಿ ಇಬ್ಬರು ಈ ಊರಿನಿಂದ ಹೋದವರು ಎಂದು ಯಾರಾದರೂ ಹೇಳಬೇಕು. ಬೇಲೂರಿಗೆ ಹೋದ ನಮ್ಮ ತಾಲೂಕಿನ ಮಕ್ಕಳು ಮದನಿಕೆಯ ಮುಖವನ್ನು ನೋಡಿದ ಮೇಲೆ ಅವಳ ಕಾಲ ಕೆಳಗಿನ ಅಕ್ಷರಗಳನ್ನೂ ನೋಡಬೇಕು. ಅಕ್ಷರ ಹಳಗನ್ನಡದ್ದು, ಸ್ವಲ್ಪ ಕಷ್ಟ. ಯಾರಾದರೂ ಓದಿ ತೋರಿಸಿದರೆ ದಾಸೋಜ ಎಂಬ ಮೂರಕ್ಷರ ಗುರುತು ಹಿಡಿಯಲು ಬಹಳ ಹೊತ್ತು ಬೇಕಾಗುವುದಿಲ್ಲ. ಅಷ್ಟಕ್ಕೂ ಅವನು ಬರೆದದ್ದು ಓದಲಿ ಎಂದೇ.